ಎರಡು ‘ಎನ್’ ಏಕೆ?

ಇಂಗ್ಲಿಷ್ ಮೇಷ್ಟರುಗಳ ತರಬೇತಿಗೆಂದೇ 1958ರಲ್ಲಿ ಶುರುವಾದ ಸಂಸ್ಥೆ, ಈಗಿನ ಇಫ್ಲೂ, ಪಕ್ಕದ ತಾರ್ನಾಕದಲ್ಲೇ ಇದೆ. ಆದರೂ ಉಪ್ಪಲ್‌ನಲ್ಲಿ ಓದುವ ನನ್ನ ಮಗಳಿಗೆ ಶಾಲೆಯಲ್ಲಿ ಸಿಕ್ಕ ಉತ್ತರ: ಬಾಯಿಪಾಠ ಮಾಡು. ಅವಳ ಪ್ರಶ್ನೆ ಇಷ್ಟೇ, ‘ಪಿನ್’ ಭೂತಕಾಲಕ್ಕೆ ಹೋದಾಗ ‘ಎನ್’ ಎರಡೇಕೆ?

ಒಂದೇ ಬರೆದರೆ ಅದು ‘ಪೈನ್ಡ್’ ಆಗುತ್ತದೆ. ಪಿನ್ ಚುಚ್ಚಿದವನು ಕೊರಗಿದವನಾಗುತ್ತಾನೆ! ಜೋಡಿ ಅಕ್ಷರ ಹಿಂದಿನ ಸ್ವರವನ್ನು ಗಿಡ್ಡವಾಗಿಯೇ ಉಳಿಸುತ್ತದೆ. ‘ವಿಸಿಟ್’ನಲ್ಲಿ ಉಚ್ಚಾರದ ಒತ್ತು ಮೊದಲ ಭಾಗಕ್ಕೆ, ಹಾಗಾಗಿ ‘ಟಿ’ ಒಂದೇ ಸಾಕು. ಈ ಒತ್ತು ನಮ್ಮ ಕಿವಿಗೆ ಸುಲಭಕ್ಕೆ ದಕ್ಕದು.

ಮನೆಯಲ್ಲಷ್ಟೇ ಕನ್ನಡ ಕೇಳುವ ಮಕ್ಕಳಿಗೆ ಇದನ್ನು ಕನ್ನಡದಿಂದಲೇ ಹೇಳಿಕೊಡಬಹುದು. ಹ್ರಸ್ವದ ಕೊಡು, ಬಿಡು, ಸುಡು, ನೆಡು: ಕೊಟ್ಟ, ಬಿಟ್ಟ, ಸುಟ್ಟ, ನೆಟ್ಟ. ದೀರ್ಘದ ನೋಡು, ಓಡು, ಬೇಡು: ನೋಡಿದ, ಓಡಿದ, ಬೇಡಿದ. ಇಂಗ್ಲಿಷಿನ ಜೋಡಿ ‘ಎನ್’ ಮಾತ್ರ ಕಾಗದದ ಮೇಲಷ್ಟೇ. ನಮ್ಮ ‘ಟ್ಟ’ ಬಾಯಲ್ಲೂ ಉಂಟು.