ಹಕ್ಕಿಯ ಹಿಕ್ಕೆಯೂ ಪೆರು ದೇಶದ ಭಾಗ್ಯವೂ

ದೇಶದ ಸಂಪತ್ತೆಂದರೆ ಚಿನ್ನ, ಬೆಳ್ಳಿ, ರತ್ನಗಳೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ದಕ್ಷಿಣ ಅಮೆರಿಕದ ಪೆರು ದೇಶದ ಬೊಕ್ಕಸವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ತುಂಬಿದುದು ಕಡಲಹಕ್ಕಿಗಳ ಹಿಕ್ಕೆ! ಇದಕ್ಕೆ ಗ್ವಾನೋ ಎಂದು ಹೆಸರು. ಇಂಕಾ ಜನರ ಕೆಚುವಾ ಭಾಷೆಯಲ್ಲಿ ಗೊಬ್ಬರವೆಂಬ ಅರ್ಥವುಳ್ಳ 'ವಾನು' ಎಂಬ ಶಬ್ದವೇ ಇದರ ಮೂಲ.

ಇಷ್ಟೊಂದು ಹಿಕ್ಕೆ ಅಲ್ಲಿಯೇ ಏಕೆ ಕೂಡಿತು? ಪೆರುವಿನ ಕರಾವಳಿಯ ಉದ್ದಕ್ಕೂ ಹಂಬೋಲ್ಟ್ ಪ್ರವಾಹವೆಂಬ ತಣ್ಣನೆಯ ಸಮುದ್ರಪ್ರವಾಹವು ಉತ್ತರಾಭಿಮುಖವಾಗಿ ಹರಿಯುತ್ತದೆ. ಅಲ್ಲಿ ಕಡಲಿನ ಆಳದಿಂದ ಮೇಲೇಳುವ ನೀರು ಪೋಷಕ ಲವಣಗಳನ್ನು ಹೊತ್ತು ತರುತ್ತದೆ. ಇವುಗಳಿಂದ ಸೂಕ್ಷ್ಮ ಸಸ್ಯಗಳೂ, ಅವುಗಳ ಆಧಾರದಿಂದ ಆಂಚೊವಿ ಎಂಬ ಸಣ್ಣ ಮೀನುಗಳೂ, ಆ ಮೀನುಗಳಿಂದ ನೀರುಕಾಗೆ, ಬೂಬಿ, ಪೆಲಿಕನ್ ಮೊದಲಾದ ಹಕ್ಕಿಗಳೂ ಲಕ್ಷೋಪಲಕ್ಷವಾಗಿ ಬದುಕುತ್ತವೆ. ಹಕ್ಕಿಗಳು ಗೂಡುಕಟ್ಟುವುದು ಸಮೀಪದ ಬಂಡೆದ್ವೀಪಗಳಲ್ಲಿ. ತಣ್ಣನೆಯ ಪ್ರವಾಹದ ದೆಸೆಯಿಂದ ಅಲ್ಲಿ ಮಳೆ ಬೀಳುವುದೇ ಅಪರೂಪ. ಆದುದರಿಂದ ಹಿಕ್ಕೆಯಲ್ಲಿರುವ ಸಾರಜನಕವು ಕೊಚ್ಚಿಹೋಗದೆ ರಂಜಕದೊಡನೆ ಅಲ್ಲಿಯೇ ಉಳಿಯುತ್ತದೆ. ಚಿಂಚಾ ದ್ವೀಪಗಳಲ್ಲಿ ಈ ರಾಶಿಯು ಕೆಲವೆಡೆ ನೂರು ಅಡಿಗೂ ಮಿಕ್ಕಿ ಬೆಳೆದಿತ್ತು.

ಇಂಕಾ ಅರಸರು ಇದರ ಬೆಲೆಯನ್ನು ಚೆನ್ನಾಗಿ ಬಲ್ಲವರಾಗಿದ್ದರು. ಗಾರ್ಸಿಲಾಸೋ ದೆ ಲಾ ವೇಗ 1609ರಲ್ಲಿ ಪ್ರಕಟಿಸಿದ ಗ್ರಂಥದ ಪ್ರಕಾರ, ಹಕ್ಕಿಗಳು ಮರಿಮಾಡುವ ಕಾಲದಲ್ಲಿ ದ್ವೀಪಕ್ಕೆ ಕಾಲಿಟ್ಟವನಿಗೆ ಮರಣದಂಡನೆ ವಿಧಿಸಲಾಗುತ್ತಿತ್ತು. ಒಂದೊಂದು ಪ್ರಾಂತಕ್ಕೂ ಗೊಬ್ಬರದ ಪಾಲು ಗೊತ್ತಾಗಿತ್ತು. 1532ರಲ್ಲಿ ಬಂದ ಸ್ಪೇನಿನವರ ಕಣ್ಣಾದರೋ ಬೆಳ್ಳಿ ಬಂಗಾರಗಳ ಮೇಲೆಯೇ ನೆಟ್ಟಿತ್ತು.

ಜರ್ಮನಿಯ ಪಂಡಿತ ಅಲೆಕ್ಸಾಂಡರ್ ಫಾನ್ ಹಂಬೋಲ್ಟನು 1802ರಲ್ಲಿ ಪೆರುವಿನಲ್ಲಿ ಗ್ವಾನೋವನ್ನು ಕಂಡು, ಅದರ ಮಾದರಿಯನ್ನು ಯೂರೋಪಿಗೆ ಒಯ್ದನು. ಅಲ್ಲಿಯ ಹೊಲಗಳು ಸಾರಗುಂದುತ್ತಿದ್ದ ಕಾಲವದು. 1840ರ ಸುಮಾರಿಗೆ ರಫ್ತು ಆರಂಭವಾಯಿತು. ಮುಂದಿನ ನಾಲ್ವತ್ತು ವರ್ಷಗಳಲ್ಲಿ ಒಂದು ಕೋಟಿ ಟನ್ನಿಗೂ ಹೆಚ್ಚು ಗ್ವಾನೋ ಹಡಗನ್ನೇರಿತು. ಈ ಹಣದ ಬಲದಿಂದಲೇ ರಾಮೋನ್ ಕಾಸ್ತೀಯನ ಸರಕಾರವು 1854ರಲ್ಲಿ ಗುಲಾಮಗಿರಿಯನ್ನೂ, ಮೂಲನಿವಾಸಿಗಳ ತಲೆಗಂದಾಯವನ್ನೂ ರದ್ದುಮಾಡಿತು. ಆದರೆ ಕಣ್ಣು ಉರಿಸುವ ಧೂಳಿನಲ್ಲಿ, ಅಮೋನಿಯದ ನಾತದಲ್ಲಿ ಗ್ವಾನೋ ಅಗೆದವರು ಮುಖ್ಯವಾಗಿ ಚೀನಾದಿಂದ ಕರಾರಿನ ಮೇಲೆ ಕರೆತಂದ ಕೂಲಿಗಳು. ಅವರ ಬಾಳು ಗುಲಾಮರ ಬಾಳಿಗಿಂತ ಮೇಲಾಗಿರಲಿಲ್ಲ.

ಸಹಸ್ರಾರು ವರ್ಷಗಳಲ್ಲಿ ಕೂಡಿದ ನಿಧಿಯನ್ನು ಒಂದೆರಡು ತಲೆಮಾರಿನಲ್ಲಿ ಬರಿದುಮಾಡಿದರೆ ಆಗುವುದೇನು? ಸರಕಾರವು ಮುಂದೆ ಬರಬಹುದಾದ ಗ್ವಾನೋ ಹಣವನ್ನೇ ನಂಬಿ ರೈಲುದಾರಿಗಳಿಗಾಗಿ ಅಪಾರ ಸಾಲ ತಂದಿತು. 1870ರ ದಶಕದಲ್ಲಿ ಚಿಂಚಾ ದ್ವೀಪಗಳ ರಾಶಿ ಬಹುಮಟ್ಟಿಗೆ ಮುಗಿಯಿತು. 1876ರಲ್ಲಿ ದೇಶವು ಸಾಲ ತೀರಿಸಲಾರದೆ ದಿವಾಳಿಯಾಯಿತು. 1879ರಲ್ಲಿ ಚಿಲಿಯೊಡನೆ ಯುದ್ಧವೂ ಸಂಭವಿಸಿ, 1883ರ ಒಪ್ಪಂದದಂತೆ ಪೆಟ್ಲುಪ್ಪಿನ ಖನಿಗಳಿದ್ದ ತಾರಾಪಾಕಾ ಪ್ರಾಂತವು ಕೈಬಿಟ್ಟಿತು.

ಪೆಟ್ಟು ತಿಂದ ಮೇಲೆ ವಿವೇಕ ಮೂಡಿತು. 1909ರಲ್ಲಿ ಸ್ಥಾಪಿತವಾದ ಗ್ವಾನೋ ಆಡಳಿತ ಸಂಸ್ಥೆಯು ದ್ವೀಪಗಳಿಗೆ ಕಾವಲಿಟ್ಟು, ಗೊಬ್ಬರ ತೆಗೆಯುವ ಕಾಲವನ್ನು ನಿಯಮಿಸಿತು. ಇದು ಇಂಕಾ ಅರಸರ ನೀತಿಯೇ ಅಲ್ಲವೆ? ಹಕ್ಕಿಗಳು ಮತ್ತೆ ಹೆಚ್ಚಿದವು. ಆದರೆ 1950ರ ಬಳಿಕ ಆಂಚೊವಿಯನ್ನೇ ಬಾಚಿ ಮೀನುಹಿಟ್ಟು ಮಾಡಿ ಮಾರುವ ಉದ್ಯಮ ಬೆಳೆಯಿತು. 1972ರಲ್ಲಿ ಎಲ್ ನೀನ್ಯೋ ಎಂಬ ಬಿಸಿನೀರಿನ ವಿಪರ್ಯಯವೂ ಕೂಡಿಕೊಂಡು ಮೀನಿನ ಬೆಳೆ ಕುಸಿಯಿತು. ಆಹಾರವಿಲ್ಲದೆ ಹಕ್ಕಿಗಳೂ ಅಳಿದವು. 2009ರಲ್ಲಿ ಈ ದ್ವೀಪಗಳನ್ನು ರಾಷ್ಟ್ರೀಯ ರಕ್ಷಿತ ಪ್ರದೇಶವೆಂದು ಸಾರಲಾಯಿತು.

ನೀರು, ಮೀನು, ಹಕ್ಕಿ, ಹೊಲ ಇವು ಒಂದೇ ಸರಪಳಿಯ ಕೊಂಡಿಗಳು. ಇವುಗಳಿಂದ ವರ್ಷವರ್ಷವೂ ಬರುವ ಬಡ್ಡಿಯನ್ನು ಉಣ್ಣುವವನು ಬಹುಕಾಲ ಬಾಳುತ್ತಾನೆ, ಅಸಲನ್ನೇ ಉಂಡವನು ಬರಿಗೈಯಾಗುತ್ತಾನೆ ಎಂಬುದನ್ನು ಪೆರುವಿನ ಚರಿತ್ರೆಯಿಂದ ನಾವು ಕಲಿಯಬಹುದು.