ಇಟ್ಟಿಗೆಯ ವ್ಯೋಮನೌಕೆಗಳು

ಇಟ್ಟಿಗೆಯೆಂಬುದು ನೆಲಕ್ಕೆ ಸೇರಿದ ವಸ್ತು. ಹಾರುವುದೆಂಬುದು ಆಕಾಶಕ್ಕೆ ಸೇರಿದ ಕ್ರಿಯೆ. ಇವೆರಡಕ್ಕೂ ಏನು ಸಂಬಂಧವೆಂದು ಕೇಳುವವರು ನಮ್ಮ ಶ್ರೌತಶಾಸ್ತ್ರವನ್ನು ಸ್ವಲ್ಪ ನೆನೆಯಬೇಕು. ಸ್ವರ್ಗವನ್ನು ಬಯಸುವ ಯಜಮಾನನಿಗೆ ಅಲ್ಲಿ ಶ್ಯೇನಚಿತಿಯು ವಿಹಿತವಾಗಿದೆ. ರೆಕ್ಕೆ ಬಿಚ್ಚಿದ ಗಿಡುಗನ ಆಕಾರದ ಅಗ್ನಿವೇದಿ ಅದು. ಐದು ಪದರಗಳು, ಪದರಕ್ಕೆ ಇನ್ನೂರರಂತೆ ಒಟ್ಟು ಸಾವಿರ ಇಟ್ಟಿಗೆಗಳು. ಕೆಲವು ಚೌಕ, ಕೆಲವು ತ್ರಿಕೋಣ, ಕೆಲವು ಓರೆಯಾದವು. ಚೌಕವಾದ ಮಣ್ಣಿನ ತುಂಡುಗಳಿಂದ ಹಾರುವ ಹಕ್ಕಿಯನ್ನು ಹೊರಡಿಸುವ ಈ ವಿದ್ಯೆಯ ಲೆಕ್ಕವನ್ನು ಶುಲ್ಬಸೂತ್ರಗಳು ವಿಸ್ತಾರವಾಗಿ ಹೇಳುತ್ತವೆ.

ಇಂದು ನಾವು ಹೇಳಹೊರಟಿರುವುದು ಯಾಗದ ವಿಷಯವನ್ನಲ್ಲ, ಆಟದ ವಿಷಯವನ್ನು. ಆದರೆ ಆಟವೂ ಅದೇ ಜಾತಿಯದು. ಬೆರಳ ತುದಿಯಷ್ಟು ಚಿಕ್ಕದಾದ ಪ್ಲಾಸ್ಟಿಕ್ ಇಟ್ಟಿಗೆಗಳಿಂದ, ಕಲ್ಪಿತ ಕಥೆಗಳಲ್ಲಿ ನಕ್ಷತ್ರದಿಂದ ನಕ್ಷತ್ರಕ್ಕೆ ಸಂಚರಿಸುವ ವ್ಯೋಮನೌಕೆಗಳನ್ನು ಕಟ್ಟುವುದು, ಕಟ್ಟಿದ್ದನ್ನು ತಿದ್ದುವುದು, ತಿದ್ದಿದ್ದನ್ನು ಬಿಚ್ಚಿ ಬೇರೊಂದನ್ನು ಕಟ್ಟುವುದು. ಇದನ್ನು ಬಾಲಲೀಲೆಯೆಂದು ತಳ್ಳಿಹಾಕುವ ಗೃಹಸ್ಥರೂ ಉಂಟು. ದುಬಾರಿಯಾದ ವಸ್ತುವೆಂದು ಗಾಜಿನ ಬೀರುವಿನಲ್ಲಿಟ್ಟು, ಮಗು ಮುಟ್ಟಿದರೆ ಗದರಿಸುವ ಗೃಹಸ್ಥರೂ ಉಂಟು. ಇಬ್ಬರಿಂದಲೂ ಈ ವಿದ್ಯೆಗೆ ಅನ್ಯಾಯವೇ ಆಗುತ್ತದೆಂದು ನಮ್ಮ ಅಭಿಪ್ರಾಯ.

ಮೊದಲು ವಸ್ತುವಿನ ಚರಿತ್ರೆಯನ್ನು ಸಂಕ್ಷೇಪವಾಗಿ ಅರಿಯೋಣ. ಡೆನ್ಮಾರ್ಕ್ ದೇಶದ ಬಿಲ್ಲುಂಡ್ ಎಂಬ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯನ್‌ಸನ್ ಎಂಬ ಬಡಗಿಯಿದ್ದನು. ೧೯೩೨ರಲ್ಲಿ, ಲೋಕವೆಲ್ಲ ಹಣದ ಮುಗ್ಗಟ್ಟಿನಲ್ಲಿದ್ದಾಗ, ಅವನು ಮರದ ಆಟಿಕೆಗಳನ್ನು ಮಾಡತೊಡಗಿದನು. ಚೆನ್ನಾಗಿ ಆಡು ಎಂಬ ಅರ್ಥದ ಎರಡು ಡೇನಿಷ್ ಮಾತುಗಳನ್ನು ಕೂಡಿಸಿ ತನ್ನ ಉದ್ಯಮಕ್ಕೆ ಲೆಗೊ ಎಂದು ಹೆಸರಿಟ್ಟನು. ೧೯೪೯ರಲ್ಲಿ ಪ್ಲಾಸ್ಟಿಕ್ಕಿನ ಇಟ್ಟಿಗೆಗಳು ಹೊರಬಂದವು. ಅವುಗಳಿಗೆ ಮಾದರಿಯಾದುದು ಇಂಗ್ಲೆಂಡಿನ ಹಿಲರಿ ಪೇಜ್ ಎಂಬಾತನು ರೂಪಿಸಿದ್ದ ಇಟ್ಟಿಗೆ. ಆದರೆ ಆ ಮೊದಲಿನವು ಒಳಗೆ ಪೊಳ್ಳು. ಒಂದರ ಮೇಲೊಂದು ಕುಳಿತರೂ ಹಿಡಿತ ಸಾಲದಾಗಿತ್ತು. ಓಲೆಯ ಮಗನಾದ ಗಾಟ್‌ಫ್ರೆಡ್‌ನು ಇಟ್ಟಿಗೆಯ ಹೊಟ್ಟೆಯೊಳಗೆ ಕೊಳವೆಗಳನ್ನು ನಿಲ್ಲಿಸಿ, ಕೆಳಗಿನ ಇಟ್ಟಿಗೆಯ ಗುಬಟುಗಳು ಅವುಗಳ ನಡುವೆ ಬಿಗಿಯಾಗಿ ಸಿಕ್ಕಿಕೊಳ್ಳುವಂತೆ ಮಾಡಿ, ೧೯೫೮ರ ಜನವರಿ ೨೮ರಂದು ಪೇಟೆಂಟಿಗೆ ಅರ್ಜಿ ಸಲ್ಲಿಸಿದನು. ಆ ದಿನದ ಮಾನವನ್ನು ಕಂಪನಿಯವರು ಇಂದಿಗೂ ಕೆಡಿಸಿಲ್ಲ. ಅಜ್ಜನ ಕಾಲದ ಇಟ್ಟಿಗೆಯ ಮೇಲೆ ಮೊಮ್ಮಗನ ಇಟ್ಟಿಗೆ ಸರಿಯಾಗಿ ಕೂಡುತ್ತದೆ.

ಈ ಮಾನವೇ ವಿದ್ಯೆಯ ತಳಹದಿ. ಒಂದು ಗುಬಟಿನ ನಡುವಿನಿಂದ ಮುಂದಿನ ಗುಬಟಿನ ನಡುವಿಗೆ ೮ ಮಿಲಿಮೀಟರ್ ಅಂತರ. ಗುಬಟನ್ನು ಬಿಟ್ಟರೆ ಇಟ್ಟಿಗೆಯ ಎತ್ತರ ೯.೬ ಮಿಲಿಮೀಟರ್. ತೆಳುಹಲಗೆಯೆಂಬ ಇನ್ನೊಂದು ಬಗೆಯ ತುಂಡು ೩.೨ ಮಿಲಿಮೀಟರ್ ದಪ್ಪ. ಅಂಥ ಮೂರು ಸೇರಿದರೆ ಒಂದು ಇಟ್ಟಿಗೆಯ ಎತ್ತರ. ಈಗ ವಾಚಕರು ಸ್ವಲ್ಪ ಲೆಕ್ಕ ಹಾಕಲಿ. ಐದು ತೆಳುಹಲಗೆಗಳನ್ನು ಪೇರಿಸಿದರೆ ೧೬ ಮಿಲಿಮೀಟರ್ ಆಯಿತು. ಎರಡು ಗುಬಟುಗಳ ಅಗಲವೂ ೧೬ ಮಿಲಿಮೀಟರೇ. ಎಂದರೆ ಪೇರಿಸಿದ ಐದು ಹಲಗೆಗಳನ್ನು ಪಕ್ಕಕ್ಕೆ ಮಲಗಿಸಿದರೆ ಅವು ಎರಡು ಗುಬಟುಗಳ ಜಾಗದಲ್ಲಿ ಕೂದಲೆಳೆಯಷ್ಟೂ ಬಿಡುವಿಲ್ಲದೆ ಕುಳಿತುಕೊಳ್ಳುತ್ತವೆ. ಪಕ್ಕದಲ್ಲಿ ಗುಬಟುಳ್ಳ ಇಟ್ಟಿಗೆಗಳೂ ದೊರೆಯುವುದರಿಂದ ಹೀಗೆ ಮಲಗಿಸುವುದು ಸಾಧ್ಯ. ಮೇಲುಮೇಲಕ್ಕೆ ಮಾತ್ರ ಕಟ್ಟಬಲ್ಲವನು ಗೋಡೆಯನ್ನು ಕಟ್ಟುತ್ತಾನೆ. ಪಕ್ಕಕ್ಕೂ ಕೆಳಕ್ಕೂ ಕಟ್ಟಬಲ್ಲವನು ನೌಕೆಯನ್ನು ಕಟ್ಟುತ್ತಾನೆ. ಒಳ್ಳೆಯ ವ್ಯೋಮನೌಕೆಯ ಮೈ ನುಣುಪಾಗಿ, ಗುಬಟು ಕಾಣದಂತೆ ಇರುವುದರ ಗುಟ್ಟು ಬಹುಮಟ್ಟಿಗೆ ಈ ಐದಕ್ಕೆರಡರ ಲೆಕ್ಕದಲ್ಲಿಯೇ ಅಡಗಿದೆ.

ಇಷ್ಟು ಕಟ್ಟುನಿಟ್ಟಾದ ಮಾನದಲ್ಲಿ ಸ್ವಾತಂತ್ರ್ಯವೆಲ್ಲಿ ಎಂದು ಶಂಕಿಸಬಹುದು. ಸಮಾಧಾನವನ್ನು ಗಣಿತವೇ ಹೇಳುತ್ತದೆ. ಎಂಟು ಗುಬಟಿನ, ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು ೨೪ ಬಗೆಯಲ್ಲಿ ಜೋಡಿಸಬಹುದು. ಮೂರನ್ನು ೧,೦೬೦ ಬಗೆಯಲ್ಲಿ. ಆರನ್ನು ೯೧,೫೧,೦೩,೭೬೫ ಬಗೆಯಲ್ಲಿ. ಕಂಪನಿಯವರು ಬಹುಕಾಲ ಇದಕ್ಕಿಂತ ಕಡಿಮೆಯ ಸಂಖ್ಯೆಯನ್ನೇ ಸಾರುತ್ತಿದ್ದರು. ಆರು ಅಂತಸ್ತಿನ ಗೋಪುರಗಳನ್ನು ಮಾತ್ರ ಅವರು ಎಣಿಸಿದ್ದುದೇ ಕಾರಣ. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಗಣಿತಜ್ಞರಾದ ಸೋರೆನ್ ಐಲರ್ಸ್ ಅವರು ಸಂಗಡಿಗರೊಡನೆ ಪೂರ್ಣವಾಗಿ ಎಣಿಸಿ ಅದನ್ನು ಸರಿಪಡಿಸಿದರು. ಐವತ್ತು ಅಕ್ಷರಗಳೊಳಗೆ ಕಟ್ಟುಬಿದ್ದೂ ಕಾವ್ಯವು ಬರಿದಾಗಿಲ್ಲವಷ್ಟೆ; ಇಟ್ಟಿಗೆಯ ಮಾತೂ ಹಾಗೆಯೇ.

ಇನ್ನು ನೌಕೆಗಳ ಪ್ರಸ್ತಾಪಕ್ಕೆ ಬರೋಣ. ಚಂದ್ರನ ಮೇಲೆ ಮನುಷ್ಯನು ಕಾಲಿಟ್ಟು ಒಂಬತ್ತು ವರ್ಷಗಳಾದ ಮೇಲೆ, ೧೯೭೮ರಲ್ಲಿ, ಲೆಗೊ ಕಂಪನಿಯು ಅಂತರಿಕ್ಷದ ಆಟಿಕೆಗಳ ಮಾಲೆಯೊಂದನ್ನು ಹೊರಡಿಸಿತು. ಅದನ್ನು ರೂಪಿಸಿದವರು ಯೆನ್ಸ್ ನೈಗಾರ್ಡ್ ಕ್ನುಡ್ಸನ್. ಕೈಕಾಲಾಡಿಸುವ ಪುಟ್ಟ ಲೆಗೊ ಬೊಂಬೆಯನ್ನು ಅದೇ ವರ್ಷ ಲೋಕಕ್ಕೆ ಕೊಟ್ಟವರೂ ಅವರೇ. ಮರುವರ್ಷ ಬಂದ ಗ್ಯಾಲಕ್ಸಿ ಎಕ್ಸ್‌ಪ್ಲೋರರ್ ಎಂಬ ನೌಕೆಯು ನೀಲಿ ಮೈ, ಬೂದು ಅಂಚು, ಹಳದಿ ಗಾಜುಗಳಿಂದ ಕೂಡಿದ ೩೩೮ ತುಂಡುಗಳ ಕೃತಿ. ಆ ಕಾಲದ ಪೆಟ್ಟಿಗೆಗಳಲ್ಲಿ ಒಂದು ವಿಶೇಷವಿತ್ತು. ಒಳಗಿನ ಕೈಪಿಡಿಯು ಒಂದು ನೌಕೆಯನ್ನು ಕಟ್ಟುವ ಬಗೆಯನ್ನು ತಿಳಿಸುತ್ತಿತ್ತು. ಪೆಟ್ಟಿಗೆಯ ಹಿಂಬದಿಯಲ್ಲಿಯಾದರೋ ಅವೇ ತುಂಡುಗಳಿಂದ ಕಟ್ಟಬಹುದಾದ ಬೇರೆ ನೌಕೆಗಳ ಚಿತ್ರಗಳಿರುತ್ತಿದ್ದವು, ಕಟ್ಟುವ ಕ್ರಮ ಮಾತ್ರ ಇರುತ್ತಿರಲಿಲ್ಲ. ಚಿತ್ರವನ್ನು ನೋಡಿ ಕ್ರಮವನ್ನು ಮಗುವೇ ಊಹಿಸಬೇಕು. ಉಪಾಧ್ಯಾಯವೃತ್ತಿಯಲ್ಲಿ ಕಾಲ ಕಳೆದ ನಮಗೆ ಇದಕ್ಕಿಂತ ಒಳ್ಳೆಯ ಪ್ರಶ್ನಪತ್ರಿಕೆ ತೋಚುವುದಿಲ್ಲ.

೧೯೯೯ರಲ್ಲಿ ಸ್ಟಾರ್ ವಾರ್ಸ್ ಎಂಬ ಸಿನಿಮಾ ಮಾಲೆಯ ನೌಕೆಗಳೂ ಇಟ್ಟಿಗೆಯ ರೂಪದಲ್ಲಿ ಬಂದವು. ಅದರಲ್ಲಿನ ಮಿಲೆನಿಯಮ್ ಫಾಲ್ಕನ್ ಎಂಬ ನೌಕೆಯ ಹೆಸರಿಗೆ ಅರ್ಥವೇ ಸಹಸ್ರಾಬ್ದದ ಶ್ಯೇನವೆಂದು! ೨೦೧೭ರಲ್ಲಿ ಹೊರಬಂದ ಅದರ ದೊಡ್ಡ ಪ್ರತಿಯಲ್ಲಿ ೭,೫೪೧ ತುಂಡುಗಳಿವೆ. ಶ್ರೌತದ ಶ್ಯೇನಕ್ಕಿಂತ ಏಳು ಪಾಲಿಗೂ ಮಿಗಿಲು. ಇಂಥವು ನೋಡಲು ಭವ್ಯವಾಗಿವೆ. ಆದರೆ ಕೈಪಿಡಿಯ ಪುಟಗಳನ್ನು ಒಂದೊಂದಾಗಿ ತಿರುವುತ್ತ, ಹೇಳಿದ ತುಂಡನ್ನು ಹೇಳಿದ ಕಡೆ ಒತ್ತುವುದರಲ್ಲಿಯೇ ಆಟ ಮುಗಿದುಹೋದರೆ, ಕಂಠಪಾಠ ಮಾಡಿ ಅರ್ಥವನ್ನರಿಯದ ವಿದ್ಯಾರ್ಥಿಯ ಸ್ಥಿತಿಯೇ ಕಟ್ಟಿದವನದೂ ಆಗುತ್ತದೆ. ಕಂಠಪಾಠವು ಬೇಡವೆಂದು ನಾವು ಹೇಳುವವರಲ್ಲ. ಅಮರವನ್ನು ಬಾಯಿಪಾಠ ಮಾಡದೆ ಸಂಸ್ಕೃತ ಬಂದವರು ವಿರಳ. ಆದರೆ ಪಾಠವು ಮೆಟ್ಟಿಲು, ಮನೆಯಲ್ಲ.

ಎರಡನೆಯ ಮೆಟ್ಟಿಲೆಂದರೆ ತಿದ್ದುವುದು. ಕೈಪಿಡಿಯಂತೆ ಕಟ್ಟಿದ ನೌಕೆಯಲ್ಲಿ ಒಂದೇ ಒಂದು ಅಂಗವನ್ನು ಬದಲಾಯಿಸಬೇಕು. ರೆಕ್ಕೆಯನ್ನು ಎರಡು ಗುಬಟು ಉದ್ದ ಮಾಡಿದರೆ ತೂಕವು ಎತ್ತ ವಾಲುತ್ತದೆ? ಕೆಳಗಿನ ಕಾಲುಗಳು ತಾಳುತ್ತವೆಯೆ? ಯಂತ್ರವನ್ನು ಹಿಂದಕ್ಕೆ ಸರಿಸಿದರೆ ಮೂತಿ ಮೇಲೇಳುತ್ತದೆಯೆ? ಒಂದನ್ನು ಬದಲಿಸಿದಾಗಲೇ ಉಳಿದವು ಏಕೆ ಹಾಗಿದ್ದವೆಂಬುದು ತಿಳಿಯುವುದು. ಚಿತಿಯ ವಿಧಿಯೂ ಹೀಗೆಯೇ ಇದೆ: ಮೊದಲ ಸಲ ಏಳೂವರೆ ಚದರ ಪುರುಷದಷ್ಟು ವಿಸ್ತಾರ, ಮುಂದಿನ ಸಲ ಎಂಟೂವರೆ, ಅದರ ಮುಂದೆ ಒಂಬತ್ತೂವರೆ, ಆಕಾರ ಕೆಡದಂತೆ ಅಳತೆಯನ್ನು ಬೆಳೆಸುವ ಈ ಪ್ರಶ್ನೆಯಿಂದಲೇ ಎಷ್ಟೋ ರೇಖಾಗಣಿತ ಹುಟ್ಟಿತು. ಇನ್ನೊಂದು ನಿಯಮವೂ ಹಾಗೆಯೇ ಸಲ್ಲುತ್ತದೆ. ಒಂದು ಪದರದ ಸಂದು ಮೇಲಿನ ಪದರದ ಸಂದಿನ ನೇರಕ್ಕೆ ಬರಬಾರದೆಂದು ಸೂತ್ರಕಾರರು ನಿಷೇಧಿಸಿದ್ದಾರೆ. ಪ್ಲಾಸ್ಟಿಕ್ ನೌಕೆಯಲ್ಲಿ ಸಂದಿನ ಮೇಲೆ ಸಂದು ಬಂದರೆ, ಎತ್ತಿದ ಕೂಡಲೇ ಅದು ಅಲ್ಲಿಯೇ ಎರಡಾಗುತ್ತದೆ.

ಮೂರನೆಯ ಮೆಟ್ಟಿಲು ಸ್ವತಂತ್ರ ರಚನೆ. ಅನುಭವಿಗಳು ಅನುಸರಿಸುವ ಕ್ರಮವು ಹೀಗಿದೆ. ಮೊದಲು ನೌಕೆಯ ಹೊರಗೆರೆಯನ್ನು ಕಾಗದದ ಮೇಲೆ ಬರೆಯುವುದು. ದೂರದಿಂದ ನೆರಳಷ್ಟೇ ಕಂಡರೂ ಇದು ಇಂಥ ನೌಕೆಯೆಂದು ಗುರುತಾಗಬೇಕು. ಅನಂತರ ಬೆನ್ನೆಲುಬು. ಕಥೆಯ ಆಕಾಶದಲ್ಲಿ ನೌಕೆಗೆ ಭಾರವಿಲ್ಲ, ನಮ್ಮ ಮೇಜಿನ ಮೇಲೆ ಉಂಟು. ಆದುದರಿಂದ ದೊಡ್ಡ ನೌಕೆಗಳಿಗೆ ರಂಧ್ರಗಳುಳ್ಳ ತೊಲೆಗಳನ್ನು ಮೊಳೆಗಳಿಂದ ಬಿಗಿದು ಒಳಗೆ ಚೌಕಟ್ಟನ್ನು ಕೊಡುತ್ತಾರೆ. ಅದರ ಮೇಲೆ ಮೈಹೊದಿಕೆ. ಕಟ್ಟಕಡೆಗೆ ಅಲಂಕಾರ: ಕೊಳವೆ, ಜಾಲರಿ, ಸನ್ನೆಗೋಲುಗಳಂತಹ ಚಿಕ್ಕ ತುಂಡುಗಳನ್ನು ಅಲ್ಲಲ್ಲಿ ನಾಟಿ ಯಂತ್ರದ ಭ್ರಾಂತಿಯನ್ನುಂಟುಮಾಡುವುದು. ೧೯೭೭ರ ಸ್ಟಾರ್ ವಾರ್ಸ್ ಚಿತ್ರಕ್ಕೆ ನೌಕೆಗಳನ್ನು ಮಾಡಿದ ಕುಶಲಿಗಳು ಅಂಗಡಿಯಲ್ಲಿ ಸಿಕ್ಕುವ ಯುದ್ಧಟ್ಯಾಂಕಿನ ಮಾದರಿಗಳನ್ನೂ ಮತ್ತಿತರ ಮಾದರಿಗಳನ್ನೂ ಒಡೆದು, ಅವುಗಳ ಚೂರುಗಳನ್ನು ಹೀಗೆಯೇ ಅಂಟಿಸಿದ್ದರು. ಆದರೆ ಅಲಂಕಾರವು ಹಿತಮಿತವಾಗಿರಲಿ. ಮೈತುಂಬ ಒಡವೆ ಹೇರಿದರೆ ಮುಖವೇ ಕಾಣದು. ಮುಗಿದ ಮೇಲೆ ಪರೀಕ್ಷೆಯೊಂದುಂಟು. ಮಗು ನೌಕೆಯನ್ನು ಕೈಯಲ್ಲಿ ಹಿಡಿದು, ಬಾಯಲ್ಲಿ ಸುಯ್ಯೆಂದು ಸದ್ದು ಮಾಡುತ್ತ ಮನೆಯಲ್ಲೆಲ್ಲ ಓಡಬೇಕು. ಏನೂ ಉದುರದಿದ್ದರೆ ಉತ್ತೀರ್ಣ.

ಈ ಆಟದಲ್ಲಿ ಒಂದು ಬಗೆಯ ಸಜ್ಜನಸಂಗವೂ ಬೆಳೆದಿದೆ. ೧೯೯೫ರಲ್ಲಿ ಆಸ್ಟ್ರೇಲಿಯದ ಜೇಮ್ಸ್ ಜೆಸಿಮನ್ ಎಂಬ ತರುಣನು ಇಟ್ಟಿಗೆಗಳ ರಚನೆಯನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಎಲ್‌ಡ್ರಾ ಎಂಬ ಸಾಧನವನ್ನು ಮಾಡಿ ಎಲ್ಲರಿಗೂ ಹಂಚಿದನು. ಎರಡೇ ವರ್ಷಗಳಲ್ಲಿ ಅವನು ತೀರಿಕೊಂಡನು. ಆದರೆ ಅವನನ್ನು ಕಣ್ಣಿನಿಂದ ಕಾಣದವರೂ ಕೂಡಿ, ಹೊಸ ಹೊಸ ತುಂಡುಗಳ ಆಕೃತಿಗಳನ್ನು ಸೇರಿಸುತ್ತ ಆ ಕೆಲಸವನ್ನು ಇಂದಿಗೂ ನಡೆಸಿಕೊಂಡು ಬಂದಿದ್ದಾರೆ. ಸೆಪ್ಟೆಂಬರ್ ತಿಂಗಳಲ್ಲಿ ಕೆಲವರು ನೂರು ಗುಬಟಿಗೆ, ಎಂದರೆ ೮೦ ಸೆಂಟಿಮೀಟರಿಗೆ, ಕಡಿಮೆಯಿಲ್ಲದ ನೌಕೆಯನ್ನು ತಿಂಗಳೊಳಗೆ ಕಟ್ಟುವ ವ್ರತವನ್ನು ಹಿಡಿಯುತ್ತಾರೆ. ನವೆಂಬರಿನದು ಇನ್ನೂ ಆರ್ದ್ರವಾದ ವಾಡಿಕೆ. ಜಪಾನಿನ ಗ್ರೇಡಿಯಸ್ ಎಂಬ ೧೯೮೫ರ ಆಟದಲ್ಲಿ ವಿಕ್ ವೈಪರ್ ಎಂಬ ನೌಕೆಯೊಂದಿದೆ. ಮುಂದಕ್ಕೆ ಎರಡು ಕವಲು ಚಾಚಿದ ಆಕಾರ ಅದರದು. ಆ ಆಕಾರವನ್ನು ನವೆಂಬರಿನಲ್ಲಿ ಕಟ್ಟುವ ಪದ್ಧತಿಯನ್ನು ಪ್ರಿಯಗೊಳಿಸಿದ ಅಮೆರಿಕದ ಒಬ್ಬ ಕುಶಲಿ ೨೦೧೦ರಲ್ಲಿ ಅಪಘಾತದಲ್ಲಿ ಮಡಿದನು. ಅಂದಿನಿಂದ ಆ ತಿಂಗಳು ಬಂದಾಗಲೆಲ್ಲ ದೇಶದೇಶಗಳ ಜನರು ಅವನ ನೆನಪಿಗಾಗಿ ಆ ನೌಕೆಯನ್ನು ತಮ್ಮ ತಮ್ಮ ರೀತಿಯಲ್ಲಿ ಕಟ್ಟುತ್ತಾರೆ. ಸತ್ತವನು ಪ್ರೀತಿಸಿದ ಕೆಲಸವನ್ನು ವರ್ಷಕ್ಕೊಮ್ಮೆ ಶ್ರದ್ಧೆಯಿಂದ ಮಾಡುವುದನ್ನು ಯಾವ ಹೆಸರಿನಿಂದ ಕರೆಯಬೇಕೆಂಬುದು ನಮ್ಮ ವಾಚಕರಿಗೆ ಗೊತ್ತಿದೆ.

ಗೃಹಸ್ಥರಿಗೆ ನಮ್ಮ ಬಿನ್ನಹ ಇಷ್ಟೆ. ಏಳು ಸಾವಿರ ತುಂಡುಗಳ ಪೆಟ್ಟಿಗೆ ಬೇಕಿಲ್ಲ. ಬಗೆಬಗೆಯ ಇನ್ನೂರು ಮುನ್ನೂರು ತುಂಡುಗಳಿದ್ದರೆ ಆರಂಭಕ್ಕೆ ಧಾರಾಳ. ಅವನ್ನು ಬಣ್ಣದ ಪ್ರಕಾರವಲ್ಲ, ಆಕಾರದ ಪ್ರಕಾರ ವಿಂಗಡಿಸಿಡಿರಿ. ಒಂದೇ ಆಕಾರದ ರಾಶಿಯಲ್ಲಿ ಬೇಕಾದ ಬಣ್ಣವು ತಟ್ಟನೆ ಕಾಣುತ್ತದೆ, ಒಂದೇ ಬಣ್ಣದ ರಾಶಿಯಲ್ಲಿ ಬೇಕಾದ ಆಕಾರವು ಕಾಣುವುದಿಲ್ಲ. ಮೂರು ವರ್ಷಕ್ಕೆ ಕೆಳಗಿನ ಕೂಸುಗಳ ಕೈಗೆ ಚಿಕ್ಕ ತುಂಡುಗಳು ಸಿಕ್ಕದಂತೆ ನೋಡಿಕೊಳ್ಳಿರಿ. ತುಂಡುಗಳಿಗೆ ಅಂಟು ಹಾಕಬೇಡಿರಿ. ಮಗುವು ತಿಂಗಳುಗಟ್ಟಲೆ ಕಟ್ಟಿದ್ದನ್ನು ಒಂದು ದಿನ ತಾನಾಗಿಯೇ ಬಿಚ್ಚಿದರೆ ಹಣ ಹಾಳಾಯಿತೆಂದು ನೊಂದುಕೊಳ್ಳಬೇಡಿರಿ. ೧೯೭೫ರಲ್ಲಿ ಕೇರಳದ ಪಾಂಜಾಳ್ ಗ್ರಾಮದಲ್ಲಿ ನಂಬೂದಿರಿ ವೈದಿಕರು ಅಗ್ನಿಚಯನವನ್ನು ಮಾಡಿ ಶ್ಯೇನವನ್ನು ಕಟ್ಟಿದರು. ಹನ್ನೆರಡು ದಿನಗಳ ಕರ್ಮ ಮುಗಿದೊಡನೆ ಯಾಗಶಾಲೆಯನ್ನು ಬೆಂಕಿಗೆ ಒಪ್ಪಿಸಿದರು. ಕಟ್ಟಿದ ವಸ್ತುವಿಗಿಂತ ಕಟ್ಟಿದ ಕ್ರಿಯೆಯೇ ಫಲವೆಂದು ಬಲ್ಲವರ ನಡತೆ ಅದು.

ಬಿಚ್ಚಿದ ತುಂಡುಗಳು ಪೆಟ್ಟಿಗೆಗೆ ಮರಳಿದಾಗ ಮಗುವು ಕಳೆದುಕೊಳ್ಳುವುದೇನೂ ಇಲ್ಲ. ಸಂದಿನ ಮೇಲೆ ಸಂದು ಬರಬಾರದೆಂಬುದೂ, ಐದಕ್ಕೆರಡು ಸಮವೆಂಬುದೂ, ಭಾರವು ವಾಲುವ ಕಡೆ ಆಸರೆ ಬೇಕೆಂಬುದೂ ಬೆರಳುಗಳಲ್ಲಿ ಉಳಿದಿರುತ್ತವೆ. ಮುಂದಿನ ನೌಕೆಯು ಹುಟ್ಟುವುದು ಅವುಗಳಿಂದಲೇ. ಅದಕ್ಕಾಗಿ ಆ ಪೆಟ್ಟಿಗೆಯು ಮಗುವಿನ ಕೈಗೆಟಕುವಷ್ಟು ಕೆಳಗಿನ ಗೂಡಿನಲ್ಲಿರಲಿ.