ಗಾಜಿನ ಸೂರ್ಯನ ಕೆಳಗೆ ಸಿಲ್ವಿಯಾ

ಯಾವ ಕಡೆ ನೋಡಲಿ? ತಲೆ ಎತ್ತಿದರೆ ಚಾವಣಿಯಿಂದ ಸೂರ್ಯನೇ ಕೆಳಗಿಳಿದು ಬರುತ್ತಿದ್ದಾನೆ! ನಡುವೆ ಬಂಗಾರ, ಅಂಚಿಗೆ ಸರಿದಂತೆಲ್ಲ ನೀಲಿ, ಸುತ್ತಲೂ ಹುಡುಗಿಯರ ಮುಖಗಳು. ಎಲ್ಲವೂ ಬಣ್ಣದ ಗಾಜು. ಗುಮ್ಮಟ ಎಂದ ಮೇಲೆ ಮೇಲಕ್ಕೆ ಉಬ್ಬಬೇಕು ತಾನೆ? ಇದು ಕೆಳಕ್ಕೆ ಉಬ್ಬಿದೆ, ಇನ್ನೇನು ತೊಟ್ಟಿಕ್ಕಲಿರುವ ಜೇನಹನಿಯ ಹಾಗೆ. ಕಣ್ಣು ಇಳಿಸಿದರೆ ವೇದಿಕೆಯ ಹಿಂಗೋಡೆಯಲ್ಲಿ 18 ಕಲಾದೇವಿಯರು: ಸೊಂಟದ ಮೇಲೆ ಗೋಡೆ ಬಿಟ್ಟು ಎದ್ದು ಬಂದ ಶಿಲ್ಪ, ಸೊಂಟದ ಕೆಳಗೆ ಗೋಡೆಗೇ ಅಂಟಿಕೊಂಡ ಮೊಸಾಯಿಕ್ ಲಂಗ, ಕೈಯಲ್ಲಿ ವಾದ್ಯ. ಮೇಲಿನ ಗ್ಯಾಲರಿಯಲ್ಲಿ ರೆಕ್ಕೆಯ ಕುದುರೆಗಳು. ಚಾವಣಿಯ ತುಂಬ ಪಿಂಗಾಣಿ ಗುಲಾಬಿ. ಹಾಡು ಶುರುವಾಗಲು ಇನ್ನೂ ಅರ್ಧ ಗಂಟೆ ಇದೆ, ನನ್ನ ಕತ್ತು ಆಗಲೇ ನೋಯುತ್ತಿದೆ!

ಇದು ಬಾರ್ಸಿಲೋನಾದ ಪಲಾವ್ ದೆ ಲಾ ಮ್ಯೂಸಿಕಾ ಕತಲಾನಾ. (ಪಲಾವ್ ಎಂದಾಕ್ಷಣ ನಗಬೇಡಿ, ಕತಲಾನ್ ಭಾಷೆಯಲ್ಲಿ ಅದು ಅರಮನೆ.) ಅರಮನೆಯೇನೋ ಸರಿ, ಆದರೆ ಕಟ್ಟಿಸಿದ್ದು ರಾಜನಲ್ಲ, ಒಂದು ಹಾಡುವ ಸಂಘ! 1891ರಲ್ಲಿ ಹುಟ್ಟಿದ ‘ಒರ್ಫೆಯೋ ಕತಲಾ’ ಎಂಬ ವೃಂದಗಾನದ ಬಳಗಕ್ಕೆ ಸ್ವಂತ ಮನೆ ಬೇಕಾಯಿತು. ವಾಸ್ತುಶಿಲ್ಪಿ ಲುಯಿಸ್ ದೊಮೆನೆಕ್ ಇ ಮೊಂತಾನೆರ್ 1905ರಿಂದ 1908ರೊಳಗೆ ಕಟ್ಟಿ ಮುಗಿಸಿದರು. ನಿವೇಶನವೋ ಹಳೇ ಊರಿನ ಓಣಿಗಳ ನಡುವೆ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿತ್ತು. ಅವರು ಭಾರವನ್ನೆಲ್ಲ ಕಬ್ಬಿಣದ ಚೌಕಟ್ಟಿನ ಮೇಲೆ ಹೊರಿಸಿದರು. ಗೋಡೆಗೆ ಹೊರುವ ಕೆಲಸ ತಪ್ಪಿತು, ಗೋಡೆ ಗಾಜಾಯಿತು! ಹಾಗಾಗಿ ಸುಮಾರು 2,000 ಜನ ಕೂರುವ ಈ ಸಭಾಂಗಣದಲ್ಲಿ ಹಗಲು ದೀಪ ಹಚ್ಚದೆಯೂ ಕಚೇರಿ ಕೇಳಬಹುದು. ಅಲಂಕಾರ ಅತಿಯಾಯಿತೆಂದು ಮೂಗು ಮುರಿಯುವವರಿದ್ದಾರೆ. ಇರಲಿ. 1997ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಷ್ಟರಲ್ಲಿ ಸಿಲ್ವಿಯಾ ಪೆರೆಸ್ ಕ್ರುಸ್ ಬಂದೇ ಬಿಟ್ಟರು. ಇಷ್ಟು ವರ್ಷ ಇಯರ್‌ಫೋನಿನಲ್ಲಿ ಕಿವಿಯೊಳಗೇ ಕುಳಿತಿದ್ದ ದನಿ ಈಗ ಎದುರಿಗೆ, ಮೈ ಸಮೇತ! 1983ರಲ್ಲಿ ಪಲಾಫ್ರುಜೆಲ್ ಎಂಬ ಕಡಲ ಸೀಮೆಯ ಊರಲ್ಲಿ ಹುಟ್ಟಿದಾಕೆ. ಅಪ್ಪ ಕಾಸ್ತೋರ್ ಪೆರೆಸ್ ಹಬನೇರಾ ಹಾಡುತ್ತಿದ್ದವರು. ಕ್ಯೂಬಾಕ್ಕೆ ಹೋಗಿ ಬಂದ ನಾವಿಕರು ಹೊತ್ತು ತಂದ, ಅಲೆಯ ಲಯದಲ್ಲಿ ತೂಗುವ ಹಾಡುಗಳವು. ದಂಡೆಯ ಹೆಂಡದಂಗಡಿಗಳಲ್ಲಿ ಬೆಸ್ತರು ಕೂತು ಹಾಡಿ ಹಾಡಿ ಉಳಿಸಿಕೊಂಡರು. ‘ವೆಸ್ತಿದಾ ದೆ ನಿತ್’ ಎಂಬ ಹೆಸರಾಂತ ಹಬನೇರಾಕ್ಕೆ ಮಾತು ಬರೆದದ್ದು ಅಮ್ಮ ಗ್ಲೋರಿಯಾ ಕ್ರುಸ್, ರಾಗ ಕೂಡಿಸಿದ್ದು ಅಪ್ಪ. ಮಗಳು 2017ರಲ್ಲಿ ಅದೇ ಹೆಸರಿನ ಆಲ್ಬಮ್ ತಂದರು. ಆಕೆ ಸಂಗೀತ ಶಾಲೆಯಲ್ಲಿ ಕಲಿತದ್ದು ಜಾಝ್, ಹೆಸರು ಮಾಡಿದ್ದು ಫ್ಲಮೆಂಕೋ ತಂಡದಲ್ಲಿ, ಸಿನಿಮಾ ಹಾಡಿಗೆ ಗೋಯಾ ಪ್ರಶಸ್ತಿ ಬಂದದ್ದು ಎರಡು ಸಲ. ಈ ಗಾಯಕಿ ಯಾವ ಪಂಗಡದವರು? ನನಗೆ ಬಹಳ ದಿನದಿಂದ ಬಿಡಿಸಲಾಗದ ಒಗಟು.

ಉತ್ತರ ಆಕೆಯ ತಲೆಯ ಮೇಲೇ ಇತ್ತು!

ವೇದಿಕೆಗೆ ಬಿಳಿಯ ಕಲ್ಲಿನ ದೊಡ್ಡ ಕಮಾನಿದೆ. ನಮ್ಮ ಎಡಕ್ಕೆ ಜೊಸೆಪ್ ಆನ್ಸೆಲ್ಮ್ ಕ್ಲಾವೆ, 19ನೇ ಶತಮಾನದಲ್ಲಿ ಕೂಲಿಕಾರ್ಮಿಕರನ್ನು ಕೂಡಿಸಿ ಹಾಡಿಸಿದ ಮಹಾನುಭಾವ. ಅವರ ಮೇಲೆ ಮರ, ಕೆಳಗೆ ಹೂ ಕೀಳುತ್ತ ಹಾಡುವ ಹುಡುಗಿಯರು. ಬಲಕ್ಕೆ ಬೀಥೋವನ್, ಅವನ ನೆತ್ತಿಯ ಮೇಲಿಂದ ಕುದುರೆ ನುಗ್ಗಿಸಿಕೊಂಡು ಬರುವ ವ್ಯಾಗ್ನರ್‌ನ ಯುದ್ಧಕನ್ಯೆಯರು. ಒಂದು ಕಡೆ ಬೀದಿಯ ಹಾಡು, ಇನ್ನೊಂದು ಕಡೆ ಮಹಾಸಂಗೀತ. ಎರಡೂ ಮೇಲೆ ಏರುತ್ತ ಏರುತ್ತ ಒಂದನ್ನೊಂದು ಮುಟ್ಟಲು ಬಾಗುತ್ತವೆ. ಆ ಬಾಗಿನ ಕೆಳಗೆ, ಸರಿಯಾಗಿ ನಡುವೆ, ಸಿಲ್ವಿಯಾ! ಅಪ್ಪನ ಹೆಂಡದಂಗಡಿಯ ಹಾಡಿಗೆ ಜಾಝಿನ ಉಸಿರು ಕೊಟ್ಟು, ಫ್ಲಮೆಂಕೋದ ನೋವಿನಲ್ಲಿ ಅದ್ದಿ ತೆಗೆದು ಹಾಡುವ ಈ ಕೊರಳಿಗೆ ಯಾವ ಪಂಗಡವೂ ಬೇಕಿಲ್ಲ. ಆಕೆಗಾಗಿ ಜಾಗವನ್ನು 75 ವರ್ಷ ಮೊದಲೇ ಕಟ್ಟಿಟ್ಟಿದ್ದರು, ಅಷ್ಟೆ!

ಆಮೇಲೆ ಅಕ್ಕಪಕ್ಕದವರು ಮೆಲ್ಲಗೆ ದನಿಗೂಡಿಸಿದರು. ನನ್ನ ರೋಮ ನಿಂತಿತು. ಯಾಕೆಂದರೆ ಇಲ್ಲಿ ಕೇಳುಗರ ಕೊರಳಿಗೂ ಒಂದು ಚರಿತ್ರೆಯಿದೆ. 1960ರ ಮೇ 19ರಂದು, ಫ್ರಾಂಕೋನ ಸರ್ವಾಧಿಕಾರದ ಕಾಲದಲ್ಲಿ, ಕವಿ ಜುವಾನ್ ಮರಗಾಯ್ ಜನ್ಮಶತಮಾನದ ಕಾರ್ಯಕ್ರಮ ಇದೇ ಸಭಾಂಗಣದಲ್ಲಿ ನಡೆಯಿತು. ಅವರೇ ಬರೆದ, ಸಂಘದ ಧ್ವಜಗೀತೆಯಾಗಿದ್ದ ಹಾಡನ್ನು ಹಾಡಕೂಡದೆಂದು ಅಧಿಕಾರಿಗಳು ಅಪ್ಪಣೆ ಮಾಡಿದ್ದರು. ವೇದಿಕೆ ಸುಮ್ಮನಿತ್ತು, ಸಭಿಕರು ಎದ್ದು ನಿಂತು ಹಾಡಿದರು! ಪೊಲೀಸರು ಬಡಿದರು, ಹಿಡಿದೊಯ್ದರು. ಆ ಪ್ರಕರಣದಲ್ಲಿ ಜೈಲು ಸೇರಿದ ಜೋರ್ದಿ ಪುಜೋಲ್ 1980ರಲ್ಲಿ ಕತಲೋನಿಯಾ ಸರ್ಕಾರದ ಅಧ್ಯಕ್ಷರಾದರು.

ಕತಲಾನ್ ನನಗೆ ಒಂದಕ್ಷರವೂ ಬರುವುದಿಲ್ಲ. ಗುನುಗಲು ಅದೇನೂ ಅಡ್ಡ ಬರಲಿಲ್ಲ.

ಬಾರ್ಸಿಲೋನಾಗೆ ಹೋಗುವವರು ವಾಸ್ತುಶಿಲ್ಪಿ ಗೌಡಿಯ ಸಗ್ರಾದಾ ಫಮೀಲಿಯಾ ಚರ್ಚಿಗೆ ಹೇಗೂ ಹೋಗುತ್ತೀರಿ. ಪಲಾವ್ ಒಳಗೆ ಹಗಲು ಗೈಡ್ ಜೊತೆ ಸುತ್ತಾಡುವ ಏರ್ಪಾಡೂ ಇದೆ, ಆದರೆ ಅಷ್ಟರಲ್ಲೇ ಮುಗಿಸಬೇಡಿ. ಯಾರದೇ ಆಗಲಿ, ಒಂದು ಕಚೇರಿಯ ಟಿಕೆಟ್ ಕೊಳ್ಳಿ. ಜೂನ್ ತಿಂಗಳಾದರೆ ಇನ್ನೂ ಒಳ್ಳೆಯದು: ಅಲ್ಲಿ ಆಗ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ. ಬೇಗ ಹೋಗಿ, ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿ.